ಮನೆಯಲ್ಲೇ ಹಣ್ಣು, ತರಕಾರಿ ರಸ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಅಪ್ಪ ಹೋದ ತಿಂಗಳು ನಿವೃತ್ತರಾದರು. ದಿನಾ ಬೆಳಿಗ್ಗೆ ಕುಂದುವಾಡ ಕೆರೆಯ ಕಡೆ ನಡೆಯಲು ಹೋಗುತ್ತಾರೆ, ಬರುವಾಗ ದಾರಿಯಲ್ಲಿ ಒಂದು ಲೋಟ ಜ್ಯೂಸ್ ಕುಡಿದೇ ಬರುತ್ತಾರೆ. ಅದನ್ನು ಮನೆಯಲ್ಲೇ ಮಾಡಿಕೊಡಬೇಕೆಂದು ನನ್ನ ಆಸೆ. ನಮ್ಮಲ್ಲಿರುವುದು ಸಾಧಾರಣ ಮಿಕ್ಸಿ. ಅಂಗಡಿಯವರು ಹದಿನಾಲ್ಕು ಸಾವಿರದ ಯಂತ್ರ ತೋರಿಸಿ, ಇದಿಲ್ಲದೆ ಆಗುವುದೇ ಇಲ್ಲ ಎಂದರು. ನಿಜವೇ? ಯಾವ ಹಣ್ಣಿನಿಂದ ಶುರು ಮಾಡಲಿ? ಇನ್ನೆರಡು ವಿಷಯ: ಅಪ್ಪನಿಗೆ ಸಕ್ಕರೆ ಕಾಯಿಲೆ ಗಡಿಯಲ್ಲಿದೆ ಎಂದು ವೈದ್ಯರು ಹೇಳಿದ್ದಾರೆ. ಅಣ್ಣನ ಮಗುವಿಗೆ ಈಗ ಹತ್ತು ತಿಂಗಳು, ಅದಕ್ಕೂ ಸ್ವಲ್ಪ ಕೊಡಬಹುದೇ?

ಕೆ.ಬಿ. ಬಡಾವಣೆ, ದಾವಣಗೆರೆ

ತಂಗಿ, ಯಂತ್ರ ಈಗಲೇ ತರಬೇಡ. ಹನ್ನೊಂದು ವರ್ಷದಿಂದ ನಾನು ಮಿಕ್ಸಿಯಲ್ಲೇ ಮಾಡುತ್ತಿದ್ದೇನೆ. ಒಂದು ಅಗಲ ಬಾಯಿಯ ಸ್ಟೀಲ್ ಜರಡಿ, ಮೊಳದಷ್ಟು ತೆಳ್ಳನೆಯ ಬಿಳಿ ಬಟ್ಟೆ, ನಿಂಬೆ ಮತ್ತು ಮೋಸಂಬಿ ಹಿಂಡಲು ಕೈಯಲ್ಲಿ ತಿರುಗಿಸುವ ಸಾಧನ, ಇಷ್ಟು ತಂದುಕೋ. ಬಟ್ಟೆ ಹೊಸದಾದರೆ ಎರಡು ಸಲ ಬಿಸಿನೀರಿನಲ್ಲಿ ಒಗೆದು ಗಂಜಿ ತೆಗೆ. ಇಲ್ಲದಿದ್ದರೆ ರಸಕ್ಕೆ ಬಟ್ಟೆಯ ವಾಸನೆ ಬರುತ್ತದೆ.

ಕ್ಯಾರೆಟ್‌ನಿಂದ ಶುರು ಮಾಡು. ಕಾಲು ಕೆಜಿ ತೊಳೆದು, ಮೇಲೆ ತೆಳುವಾಗಿ ಹೆರೆದು, ಬೆರಳಿನ ಗೆಣ್ಣಿನಷ್ಟು ತುಂಡು ಮಾಡು. ಜಾರಿನ ಅರ್ಧಕ್ಕಿಂತ ಹೆಚ್ಚು ತುಂಬಬೇಡ. ನೀರಿಲ್ಲದೆ ತಿರುಗಿಸಿದರೆ ತುಂಡುಗಳು ಗೋಡೆಗೆ ಅಂಟಿಕೊಳ್ಳುತ್ತವೆ, ಬ್ಲೇಡ್ ಸುಮ್ಮನೆ ತಿರುಗುತ್ತದೆ. ಅರ್ಧ ಲೋಟ ನೀರು ಹಾಕಿ, ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಗೋಡೆಗೆ ಅಂಟಿದ್ದನ್ನು ಚಮಚದಿಂದ ಕೆಳಗೆ ತಳ್ಳಿ ಮತ್ತೆ ತಿರುಗಿಸು. ನುಣ್ಣಗಾದ ಮೇಲೆ ಬಟ್ಟೆಗೆ ಸುರಿದು ನಾಲ್ಕು ಮೂಲೆ ಹಿಡಿದು ಹಿಂಡು. ಮೊದಲು ರಸ ಧಾರೆಯಾಗಿ ಬೀಳುತ್ತದೆ, ಆಮೇಲೆ ಹನಿ ಹನಿ. ಆಗ ಗಂಟನ್ನು ಇನ್ನೊಂದು ಸುತ್ತು ತಿರುಚಿದರೆ ಕಾಲು ಲೋಟ ಮತ್ತೆ ಇಳಿಯುತ್ತದೆ. ಅಷ್ಟರಲ್ಲಿ ಅಂಗೈಯೆಲ್ಲ ಕೇಸರಿ ಬಣ್ಣವಾಗಿರುತ್ತದೆ, ನಿಂಬೆ ಹೋಳಿನಿಂದ ಉಜ್ಜಿಕೋ. ರಸಕ್ಕೆ ಕೊನೆಯಲ್ಲಿ ಅರ್ಧ ನಿಂಬೆ, ಉಗುರಿನಷ್ಟು ಶುಂಠಿ. ಉಪ್ಪು, ಸಕ್ಕರೆ ಎರಡೂ ಬೇಡ.

ಒಮ್ಮೆ ನನ್ನ ಮಿಕ್ಸಿ ನಡುವೆಯೇ ತಟ್ಟನೆ ನಿಂತಿತು. ಸುಟ್ಟೇ ಹೋಯಿತೆಂದು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿ ತಳದಲ್ಲಿದ್ದ ಕೆಂಪು ಗುಂಡಿ ಒತ್ತಿ ಕೊಟ್ಟರು. ಭಾರ ಹೆಚ್ಚಾದರೆ ಮೋಟಾರನ್ನು ಉಳಿಸಲು ಅದು ತಾನೇ ನಿಲ್ಲುತ್ತದೆ. ಪ್ಲಗ್ ತೆಗೆದು, ಹತ್ತು ನಿಮಿಷ ಆರಲು ಬಿಟ್ಟು, ಜಾರು ಸ್ವಲ್ಪ ಖಾಲಿ ಮಾಡಿ, ಆ ಗುಂಡಿ ಒತ್ತಿದರೆ ಸಾಕು.

ಮೋಸಂಬಿಯನ್ನು ಮಾತ್ರ ಮಿಕ್ಸಿಗೆ ಹಾಕಬೇಡ. ಮೊದಲ ಬೇಸಿಗೆಯಲ್ಲಿ ನಾನು ತೊಳೆ ಬಿಡಿಸಿ, ಬೀಜ ಸಮೇತ ರುಬ್ಬಿ, ನೆಂಟರು ಬರುವ ಮೊದಲೇ ಫ್ರಿಜ್‌ನಲ್ಲಿಟ್ಟೆ. ರುಬ್ಬಿದಾಗ ಸಿಹಿಯಾಗಿದ್ದ ರಸ ಅವರ ಕೈಗೆ ಹೋಗುವ ಹೊತ್ತಿಗೆ ಬೇವಾಗಿತ್ತು. ಬೀಜ ಮತ್ತು ಬಿಳಿ ನಾರಿನಿಂದ ಬರುವ ಲಿಮೋನಿನ್ ಎಂಬ ಕಹಿ, ರಸವನ್ನು ಇಟ್ಟಷ್ಟೂ ಏರುತ್ತದೆ ಎಂದು ಆಮೇಲೆ ತಿಳಿಯಿತು. ಅಡ್ಡ ಕೊಯ್ದು, ಕೈಯಲ್ಲಿ ಹಿಂಡಿ, ನಿಂತಲ್ಲೇ ಕುಡಿಯಬೇಕು.

ಹಿಂಡಿ ಉಳಿದ ಕ್ಯಾರೆಟ್ ನಾರನ್ನು ಎಸೆಯಬೇಡ. ಅಕ್ಕಿ ಹಿಟ್ಟಿಗೆ ಹಸಿಮೆಣಸು, ಕೊತ್ತಂಬರಿ, ಜೀರಿಗೆಯೊಂದಿಗೆ ಕಲಸಿ ರೊಟ್ಟಿ ತಟ್ಟು. ನಮ್ಮ ಮನೆಯಲ್ಲಿ ರಸಕ್ಕಿಂತ ಆ ರೊಟ್ಟಿಗೇ ಬೇಡಿಕೆ ಹೆಚ್ಚು.

ಹಿರಿಯೂರು ಹತ್ತಿರದ ಹಳ್ಳಿಯಿಂದ

ನಾವು ದಾಳಿಂಬೆ ಬೆಳೆಯುವವರು, ಭಗವಾ ತಳಿ. ದಾಳಿಂಬೆ ರಸ ಒಗರು ಎಂದು ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಹಣ್ಣಿನ ತಪ್ಪಲ್ಲ, ಕಾಳಿನೊಳಗಿನ ಬೀಜ ಒಡೆಯುವಷ್ಟು ರುಬ್ಬಿದ್ದರ ಫಲ. ಮಿಕ್ಸಿಯ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಒಂದೊಂದು ಕ್ಷಣದಂತೆ ಮೂರು ಸಲ ಬಿಟ್ಟು ಬಿಟ್ಟು ತಿರುಗಿಸಿ, ಸಾಕು. ಬೀಜ ಇಡಿಯಾಗಿಯೇ ಉಳಿಯಬೇಕು. ಆಮೇಲೆ ಜರಡಿಯಲ್ಲಿ ಚಮಚದ ಹಿಂಬದಿಯಿಂದ ಒತ್ತಿ ಸೋಸಿ. ನೀರು ಬೇಡವೇ ಬೇಡ.

ಬಿಡಿಸುವುದಕ್ಕೆ ಹೆದರುವವರಿಗೆ ನಮ್ಮ ಮನೆಯ ಕ್ರಮ ಹೇಳುತ್ತೇನೆ. ಮೇಲಿನ ಕಿರೀಟ ಕೊಯ್ದು ತೆಗೆಯಿರಿ. ಹಣ್ಣಿನ ಮೈಮೇಲೆ ಏಣುಗಳು ಕಾಣುತ್ತವೆ, ಅವುಗಳ ಗುಂಟ ಸಿಪ್ಪೆಯಷ್ಟೇ ಆಳಕ್ಕೆ ಗೀರಿ. ಹಣ್ಣನ್ನು ಬೋಗುಣಿಯ ನೀರಿನೊಳಗೆ ಮುಳುಗಿಸಿ ಬಿಡಿಸಿದರೆ ಕಾಳು ತಳಕ್ಕೆ ಇಳಿಯುತ್ತದೆ, ಬಿಳಿ ಪೊರೆ ತೇಲುತ್ತದೆ, ರಸ ಗೋಡೆಗೆ ಸಿಡಿಯುವುದಿಲ್ಲ. ಈ ಕಲೆ ಬಟ್ಟೆಯಿಂದ ಹೋಗುವುದು ಬಲು ಕಷ್ಟ, ಹಳೆಯ ಅಂಗಿ ಹಾಕಿಕೊಳ್ಳಿ.

ಬಿರಿದ ಹಣ್ಣು ಅರ್ಧ ಬೆಲೆಗೆ ಸಿಗುತ್ತದೆ. ಒಣಗಿದ ನೆಲಕ್ಕೆ ಒಮ್ಮೆಲೇ ಮಳೆಯೋ ನೀರೋ ಬಿದ್ದರೆ ಹಣ್ಣು ಬಿರಿಯುತ್ತದೆ, ಅದಕ್ಕೆ ಸಿಹಿ ಕಡಿಮೆಯೇನಲ್ಲ. ಆದರೆ ಬಿರುಕಿನಿಂದ ಬೂಷ್ಟು ಒಳಗೆ ಹೋಗಿರಬಹುದು. ನಾವು ಮನೆಗೆ ತಂದದ್ದನ್ನು ಅದೇ ದಿನ ಬಿಡಿಸುತ್ತೇವೆ, ಒಳಗೆ ಕಂದು ಬಣ್ಣದ ಕಾಳು, ಹುಳಿ ವಾಸನೆ ಕಂಡರೆ ಇಡೀ ಹಣ್ಣು ಗೊಬ್ಬರದ ಗುಂಡಿಗೆ. ಪೇಟೆಯಲ್ಲಿ ಎಷ್ಟು ದಿನದ ಬಿರುಕು ಎಂದು ನಿಮಗೆ ತಿಳಿಯುವುದಿಲ್ಲ, ಆದ್ದರಿಂದ ಅದನ್ನು ಕೊಳ್ಳಬೇಡಿ. ಸಿಪ್ಪೆ ಸ್ವಲ್ಪ ಒಣಗಿ ಗೀರು ಬಿದ್ದಿದ್ದರೆ ಚಿಂತೆಯಿಲ್ಲ, ಕೈಯಲ್ಲಿ ಭಾರವಾಗಿರಬೇಕು ಅಷ್ಟೇ.

ಚಿತ್ರದುರ್ಗ, ಹೊಳಲ್ಕೆರೆ ರಸ್ತೆ

ನಿಮ್ಮ ಪ್ರಶ್ನೆಯಲ್ಲಿ ಯಂತ್ರಕ್ಕಿಂತ ದೊಡ್ಡ ವಿಷಯ ಅಪ್ಪನ ಸಕ್ಕರೆಯದು. ನನ್ನ ಅಮ್ಮನಿಗೂ ಹೀಗೆಯೇ ಗಡಿಯಲ್ಲಿತ್ತು. ಮನೆಯ ಜ್ಯೂಸ್, ಸಕ್ಕರೆ ಹಾಕಿಲ್ಲ ಎಂಬ ಧೈರ್ಯದಲ್ಲಿ ದಿನಾ ದೊಡ್ಡ ಲೋಟ ಮೋಸಂಬಿ ರಸ ಕೊಟ್ಟೆ. ಎರಡು ತಿಂಗಳ ನಂತರದ ರಕ್ತ ಪರೀಕ್ಷೆಯಲ್ಲಿ ಅಂಕಿ ಏರಿತ್ತು. ವೈದ್ಯರು ಕೇಳಿದ್ದು ಒಂದೇ ಮಾತು: ‘ನಾಲ್ಕು ಮೋಸಂಬಿಯನ್ನು ಒಟ್ಟಿಗೆ ಕೂತು ತಿನ್ನುತ್ತಿದ್ದರೇ?’ ತಿನ್ನುತ್ತಿರಲಿಲ್ಲ. ಕುಡಿಯಲು ಎರಡು ನಿಮಿಷ ಸಾಕಾಗಿತ್ತು.

ನಾರು ಜರಡಿಯಲ್ಲಿ ಉಳಿದುಬಿಡುತ್ತದೆ, ಸಿಹಿ ಮಾತ್ರ ಲೋಟಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನು ನಾವು ಮೇಲಿನಿಂದ ಹಾಕುವ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ, ಇಡೀ ಹಣ್ಣಿನೊಳಗಿನದನ್ನು ಸೇರಿಸಿಲ್ಲ. ಈಗ ಅಮ್ಮನಿಗೆ ಹಣ್ಣನ್ನು ಹಣ್ಣಾಗಿಯೇ ಕೊಡುತ್ತೇನೆ. ರಸವೆಂದರೆ ಸೌತೆಕಾಯಿ, ಬೂದುಗುಂಬಳ, ಟೊಮೆಟೊ, ಪುದೀನ. ಅದೂ ನೂರು ಮಿಲಿಲೀಟರ್, ತಿಂಡಿಯ ಜೊತೆಗೆ, ಸೋಸದೆ. ಅಪ್ಪನಿಗೂ ಅವರ ವೈದ್ಯರನ್ನು ಒಂದು ಮಾತು ಕೇಳಿಯೇ ಶುರು ಮಾಡಿ. ಮೂತ್ರಪಿಂಡದ ತೊಂದರೆ ಇರುವವರಂತೂ ಕೇಳಲೇಬೇಕು, ರಸಗಳಲ್ಲಿ ಪೊಟ್ಯಾಸಿಯಂ ಹೆಚ್ಚಿರುತ್ತದೆ.

ಮಗುವಿಗೆ ಬೇಡ. ಒಂದು ವರ್ಷ ತುಂಬುವವರೆಗೆ ಹಣ್ಣಿನ ರಸ ಕೊಡಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿಯೇ ಹೇಳಿದೆ. ಬಾಳೆಹಣ್ಣು ಕಿವುಚಿ ತಿನ್ನಿಸಿ.

ಸೋರೆಕಾಯಿ ರಸದ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ಹೆಚ್ಚಿದ ಕೂಡಲೇ ಹಸಿ ಚೂರೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಜೇನು, ನಿಂಬೆ, ಬೇರೆ ರಸ ಬೆರೆಸಿ ಕಹಿಯನ್ನು ಮರೆಮಾಡಲೇಬೇಡಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿ ರಸ ಕುಡಿದು ತೀರಿಕೊಂಡರು, ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿ ಇದೇ ಎಚ್ಚರಿಕೆ ಕೊಟ್ಟಿತು. ಕುಡಿದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು. ಸೌತೆಕಾಯಿಯ ಕಹಿಯೂ ಅದೇ ಜಾತಿಯದು. ತುದಿ ಕೊಯ್ದು ಉಜ್ಜಿದ ಮೇಲೂ ಒಂದು ಚೂರು ತಿಂದು ನೋಡುವುದು ಒಳ್ಳೆಯದು.

ಹರಿಹರ

ನಿಧಾನವಾಗಿ ಹಿಂಡುವ ಯಂತ್ರ ನಮ್ಮಲ್ಲಿದೆ, ಮೂರು ವರ್ಷವಾಯಿತು. ಮಿಕ್ಸಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿದರೆ ಇದು ಸುಮಾರು ಅರವತ್ತು ಸುತ್ತು. ಸದ್ದಿಲ್ಲ, ನಾರು ಒಣಗಿ ಬರುತ್ತದೆ, ಸೊಪ್ಪಿನ ರಸಕ್ಕೆ ಇದರ ಸಮ ಬೇರಿಲ್ಲ. ಆದರೆ ಕುಡಿದ ತಕ್ಷಣ ತೊಳೆಯಬೇಕು. ಅದರ ಜರಡಿಯ ಸಣ್ಣ ರಂಧ್ರಗಳಲ್ಲಿ ಕ್ಯಾರೆಟ್ ನಾರು ಒಣಗಿ ಕೂತರೆ ಬ್ರಷ್ ಹಿಡಿದು ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ನಮ್ಮ ಅಕ್ಕ ತಂದ ಯಂತ್ರ ಈ ಒಂದೇ ಕಾರಣಕ್ಕೆ ಅಟ್ಟ ಸೇರಿತು. ಎರಡು ತಿಂಗಳು ಬಟ್ಟೆಯಲ್ಲಿ ಹಿಂಡಿ, ಆಮೇಲೂ ದಿನಾ ಮಾಡುತ್ತಿದ್ದರೆ ಕೊಳ್ಳಿ.

ಪ್ರಶ್ನೆ ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಯಂತ್ರ ಕೊಳ್ಳಲಿಲ್ಲ. ವೈದ್ಯರನ್ನು ಕೇಳಿದೆವು, ತರಕಾರಿಯದಾದರೆ ಅರ್ಧ ಲೋಟ ಆಗಬಹುದು ಎಂದರು. ಸೌತೆಕಾಯಿ, ಪುದೀನ, ಒಂದು ಟೊಮೆಟೊ ಸೇರಿಸಿ ಮಾಡುತ್ತಿದ್ದೇನೆ. ಮೊದಲ ದಿನ ಅಪ್ಪ ಏನೂ ಹೇಳದೆ ಕುಡಿದರು. ಮೂರನೆಯ ದಿನ ನಡೆದು ಬಂದವರು ಚಪ್ಪಲಿ ಬಿಡುತ್ತಲೇ ‘ಇವತ್ತು ಪುದೀನ ಜಾಸ್ತಿ ಹಾಕು’ ಎಂದರು. ದಾರಿಯ ಜ್ಯೂಸ್ ನಿಂತಿದೆ. ದಾಳಿಂಬೆಯನ್ನು ನೀರಿನಲ್ಲಿ ಬಿಡಿಸಿ ಎಲ್ಲರಿಗೂ ಕಾಳನ್ನೇ ಕೊಟ್ಟೆ, ಅಣ್ಣಾವರೇ, ನೀವು ಹೇಳಿದಂತೆಯೇ ಪೊರೆಯೆಲ್ಲ ಮೇಲೆ ತೇಲಿತು. ಒಂದು ಅನುಮಾನ ಉಳಿದಿದೆ: ಲೋಟದ ಮೇಲೆ ಎರಡು ಬೆರಳಿನಷ್ಟು ನೊರೆ ನಿಲ್ಲುತ್ತದೆ, ಅದನ್ನು ತೆಗೆಯಬೇಕೇ?

ಕೆ.ಬಿ. ಬಡಾವಣೆ, ದಾವಣಗೆರೆ

ನೊರೆಯಿಂದ ಏನೂ ಆಗುವುದಿಲ್ಲ, ತಂಗಿ. ವೇಗವಾಗಿ ತಿರುಗುವಾಗ ಗಾಳಿ ಸೇರುತ್ತದೆ, ಅಷ್ಟೇ. ಎರಡು ನಿಮಿಷ ಬಿಟ್ಟು ಚಮಚದಿಂದ ಒಮ್ಮೆ ತಿರುವಿ ಕೊಡು. ಹೆಚ್ಚು ಹೊತ್ತು ಮಾತ್ರ ಇಡಬೇಡ, ನಮ್ಮೂರಿನ ಏಪ್ರಿಲ್ ಬಿಸಿಲಿಗೆ ರಸ ಬೇಗ ಹುಳಿಯುತ್ತದೆ.