ಜೋಡಿ ಎಸ್‌ಯು ಕಾರ್ಬುರೇಟರ್ ಸಮ ಮಾಡಿದವರು ಅನುಭವ ಹೇಳಿ

ಹಳೆಚಕ್ರ (ಪ್ರಶ್ನೆ)
1970ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್ ಬಿಚ್ಚಿ ಕಟ್ಟಿಯಾಗಿದೆ, ಬಣ್ಣವೂ ಮುಗಿದಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಎಸ್‌ಯು ಕಂಪನಿಯ ಎರಡು ಎಚ್‌ಎಸ್4 ಕಾರ್ಬುರೇಟರ್‌ಗಳು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಐಡ್ಲಿಂಗ್ ನಿಮಿಷಕ್ಕೆ 1,200 ಸುತ್ತಿಗಿಂತ ಕೆಳಗೆ ಇಳಿಯುವುದಿಲ್ಲ, ಎರಡೂ ಸ್ಕ್ರೂಗಳನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದ್ದೇನೆ. ಟ್ಯಾಪೆಟ್, ಪಾಯಿಂಟ್, ಟೈಮಿಂಗ್ ನೋಡಿಯಾಗಿದೆ. ಎರಡೂ ಒಂದೇ ಪ್ರಮಾಣದ ಗಾಳಿ ಎಳೆಯುವಂತೆ ಸಮ ಮಾಡಲು ಗಾಳಿಯ ಮೀಟರ್ ಕೊಳ್ಳಲೇ, ಸದ್ದು ಕೇಳುವ ರಬ್ಬರ್ ಕೊಳವೆ ಸಾಕೇ? ಮಾಡಿ ನೋಡಿದವರು ತಿಳಿಸಿ.

ಕೊಳವೆಕಿವಿ
ಕೊಳವೆ ಸಾಕು. ಮೀಟರ್ ಮಾರುವವರು ಬದುಕಬೇಕಲ್ಲ, ಅದಕ್ಕಾಗಿ ಮೀಟರ್ ಇದೆ. ನನ್ನ ಗಾಡಿಯಲ್ಲಿ ಎರಡು ಸ್ಪಿಂಡಲ್‌ಗಳನ್ನು (ಬಟರ್‌ಫ್ಲೈ ತಿರುಗಿಸುವ ಸಲಾಕೆ) ಜೋಡಿಸುವ ಕ್ಲ್ಯಾಂಪ್‌ಗಳನ್ನೇ ಹಿಂದಿನ ಮಾಲೀಕ ಎಂದೂ ಸಡಿಲಿಸಿರಲಿಲ್ಲ. ಒಂದು ಕಡೆಯ ಸ್ಕ್ರೂ ತಿರುಗಿಸಿದರೆ ಗಾಳಿಯ ದಾರಿ ತೆರೆದು ಮುಚ್ಚುವ ತಗಡು, ಅಂದರೆ ಬಟರ್‌ಫ್ಲೈ, ಎರಡೂ ಅಲುಗುತ್ತಿದ್ದವು. ಹಾಗಿರುವಾಗ ಯಾವ ಮೀಟರ್ ಏನು ಹೇಳೀತು? ಕ್ಲ್ಯಾಂಪ್ ಸಡಿಲಿಸಿ, ಚೋಕ್‌ನ ಸಲಾಕೆಯನ್ನೂ ಬಿಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. ಎರಡರಲ್ಲೂ ಅದೇ ಜಾಗದಲ್ಲಿ ಹಿಡಿಯಬೇಕು, ಅಂಚಿಗೆ ಸರಿದರೆ ಸದ್ದೇ ಬೇರೆ. ಬುಸುಗುಟ್ಟುವ ಸದ್ದು ಎರಡರಲ್ಲೂ ಒಂದೇ ಶ್ರುತಿಗೆ ಬರುವವರೆಗೆ ತಿರುಗಿಸಿ. ಆಮೇಲೆ ಕಾರ್ಬುರೇಟರ್ ಒಳಗಿನ ಪಿಸ್ಟನ್ ಎತ್ತುವ ಪಿನ್ನನ್ನು ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ವೇಗ ಏರಿ ಹಾಗೆಯೇ ನಿಂತರೆ ರಿಚ್ (ಪೆಟ್ರೋಲ್ ಹೆಚ್ಚು), ಕುಸಿದರೆ ಲೀನ್ (ಪೆಟ್ರೋಲ್ ಕಡಿಮೆ), ಕ್ಷಣ ಏರಿ ಇಳಿದರೆ ಸರಿ. ಮಿಶ್ರಣ ಬದಲಿಸಿದ ಮೇಲೆ ಗಾಳಿಯನ್ನು ಮತ್ತೆ ನೋಡಲೇಬೇಕು. ಇಷ್ಟಕ್ಕೆ ಮೀಟರ್ ಬೇಕೆನ್ನುವವರು ಮೊದಲು ಕಿವಿ ತೊಳೆದುಕೊಳ್ಳಲಿ.

ಮುಳ್ಳು_ನಂಬುವವ
ಕಿವಿ ತೊಳೆದುಕೊಂಡವರೇ ನನ್ನ ಎಂಜಿನ್ ಹಾಳು ಮಾಡಿದ್ದು. ಬಹಳ ಹೆಸರುವಾಸಿ ಮೆಕ್ಯಾನಿಕ್, ಕೊಳವೆ ಬಿಟ್ಟರೆ ಏನನ್ನೂ ಮುಟ್ಟುವುದಿಲ್ಲ. ಗಾಡಿ ಮನೆಗೆ ಬಂದಾಗ ಒಂದು, ಎರಡನೆಯ ಪ್ಲಗ್ ಕಪ್ಪು ಮಸಿ, ಮೂರು, ನಾಲ್ಕನೆಯದು ಬಿಳಿ. ಮುಂದಿನ ಕಾರ್ಬುರೇಟರ್ ಮುಂದಿನ ಎರಡು ಸಿಲಿಂಡರ್‌ಗಳಿಗೆ, ಹಿಂದಿನದು ಹಿಂದಿನ ಎರಡಕ್ಕೆ ಎಂದು ಗೊತ್ತಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೀಟರ್ ಇಟ್ಟ ತಕ್ಷಣ ಮುಳ್ಳು ಒಂದರಲ್ಲಿ ಏರಿತು, ಇನ್ನೊಂದರಲ್ಲಿ ಕದಲಲೇ ಇಲ್ಲ. ಐಡ್ಲಿಂಗ್‌ನಲ್ಲಿ ಸಮ ಮಾಡಿದ ಮೇಲೆ 1,500ರಲ್ಲೂ ನೋಡಿದೆ, ಅಲ್ಲಿ ಮತ್ತೆ ವ್ಯತ್ಯಾಸ. ಒಂದು ಕಡೆಯ ಕ್ಲ್ಯಾಂಪ್ ತಡವಾಗಿ ಹಿಡಿಯುತ್ತಿತ್ತು. ಕೊಳವೆ ಹಿಡಿದವರು ಐಡ್ಲಿಂಗ್ ಬಿಟ್ಟು ಮೇಲೆ ಹೋಗುವುದೇ ಇಲ್ಲ.

ಖರ್ಚಿನ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ರಿಪೇರಿ ಕಿಟ್ ಎಂದು ಕೊಡುವ ಡಬ್ಬಿಯಲ್ಲಿ ಗ್ಯಾಸ್ಕೆಟ್, ಫ್ಲೋಟ್‌ನ ಸೂಜಿ ವಾಲ್ವ್ ಇಷ್ಟೇ. ಪೆಟ್ರೋಲ್ ಬರುವ ಜೆಟ್ ಎರಡು ಬೇರೆ, ಅದರೊಳಗೆ ಆಡುವ ಸೂಜಿ ಎರಡು ಬೇರೆ, ಸ್ಪಿಂಡಲ್ ಎರಡು ಬೇರೆ, ಸ್ಪಿಂಡಲ್ ತಿರುಗುವ ಬುಷ್ ನಾಲ್ಕು ಬೇರೆ, ಬುಷ್ ಕೂರಿಸುವ ಕೂಲಿ ಬೇರೆ. ಎಲ್ಲ ಸೇರಿದಾಗ ಮೀಟರಿನ ಬೆಲೆ ಲೆಕ್ಕಕ್ಕೇ ಬರಲಿಲ್ಲ.

ಲೇತ್_ಸಂತ್ರಸ್ತ
ಬುಷ್ ಎಂದಿರಿ, ಗಾಯಕ್ಕೆ ಉಪ್ಪು ಸವರಿದಿರಿ. ಸ್ಪಿಂಡಲ್ ಅಲುಗಾಡುತ್ತಿತ್ತು, ಅದರ ಸುತ್ತ ಕ್ಲೀನರ್ ಸಿಂಪಡಿಸಿದರೆ ಎಂಜಿನ್ ವೇಗ ಬದಲಾಗುತ್ತಿತ್ತು. ಅಂದರೆ ಅಲ್ಲಿಂದ ಗಾಳಿ ನುಗ್ಗುತ್ತಿದೆ, ಸರಿ. ಕೊಟ್ಟೆ ಲೇತ್‌ಗೆ. ಎರಡು ಕಡೆಯ ತೂತುಗಳನ್ನು ಒಂದೇ ಸಾಲಿನಲ್ಲಿ ರೀಮ್ ಮಾಡಿ ಅಗಲಿಸಬೇಕೆಂಬುದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಸ್ಪಿಂಡಲ್ ಓರೆಯಾಗಿ ಕೂತಿತು, ಬಟರ್‌ಫ್ಲೈ ಕಚ್ಚಿಕೊಂಡಿತು, ಬಾಡಿ ಗುಜರಿಗೆ ಹೋಯಿತು. ಸಾಲದ್ದಕ್ಕೆ ಕಾರ್ಬುರೇಟರ್ ಮೇಲಿನ ಎರಡು ಗುಮ್ಮಟಗಳನ್ನೂ ಅವುಗಳೊಳಗಿನ ಪಿಸ್ಟನ್‌ಗಳನ್ನೂ ಒಂದೇ ತಟ್ಟೆಯಲ್ಲಿ ಹಾಕಿ ಅದಲುಬದಲು ಮಾಡಿದ್ದ. ಅವು ಜೋಡಿ ನೋಡಿ ಮಾಡಿದವು ಸ್ವಾಮಿ! ಈ ಅಳತೆಯ ಪಿಸ್ಟನ್ ಬೀಳುವ ಪರೀಕ್ಷೆಯಲ್ಲಿ 5ರಿಂದ 7 ಸೆಕೆಂಡ್ ತೆಗೆದುಕೊಳ್ಳಬೇಕು, ನನ್ನದರಲ್ಲಿ ಒಂದು ದಢಕ್ಕನೆ ಬೀಳುತ್ತಿತ್ತು, ಇನ್ನೊಂದು ನಡುವೆ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಬಾಡಿ ಹುಡುಕಿ ತಂದರೆ ಅದರ ಬಟರ್‌ಫ್ಲೈ ತಗಡಿನಲ್ಲಿ ಸ್ಪ್ರಿಂಗ್ ಇರುವ ಪುಟ್ಟ ವಾಲ್ವ್. ಮಾಲಿನ್ಯ ನಿಯಮ ಬಂದ ಕಾಲದ್ದು. ಸ್ಪ್ರಿಂಗ್ ಸೋತು ಅದು ಮುಚ್ಚುತ್ತಲೇ ಇರಲಿಲ್ಲ, ಐಡ್ಲಿಂಗ್ ಇಳಿಯಲೇ ಇಲ್ಲ, ಸಾದಾ ತಗಡು ಹಾಕಿದೆ. ಅದೆಲ್ಲ ಚಿಲ್ಲರೆ ವಿಷಯ, ಕೆಟ್ಟ ಬಾಡಿಯ ದುಡ್ಡನ್ನು ಇವತ್ತಿಗೂ ಅವನು ಕೊಟ್ಟಿಲ್ಲ.

ಒಂದೇ_ಸಾಕು
ಇದನ್ನೆಲ್ಲ ಓದಿ ನಗು ಬರುತ್ತಿದೆ. ಎರಡನ್ನೂ ಕಿತ್ತು ಒಂದೇ ಒಂದು ವೆಬರ್ ಕಾರ್ಬುರೇಟರ್ ಹಾಕಿಸಿದೆ. ಸಮ ಮಾಡಲು ಎರಡನೆಯದು ಇದ್ದರೆ ತಾನೇ ತಲೆನೋವು! ಮ್ಯಾನಿಫೋಲ್ಡ್ ಬೇರೆ ಕೊಳ್ಳಬೇಕು, ಆಕ್ಸಿಲರೇಟರ್ ಕೇಬಲ್ ಬೇರೆ, ಏರ್ ಫಿಲ್ಟರ್ ಬೇರೆ, ಜೆಟ್ ಸರಿಯಾಗುವವರೆಗೆ ನಡುವಿನ ವೇಗದಲ್ಲಿ ಸ್ವಲ್ಪ ತಡವರಿಸಿತು, ಒಪ್ಪುತ್ತೇನೆ. ಆದರೆ ಬಾನೆಟ್ ತೆರೆಯುವ ಕೆಲಸ ತಪ್ಪಿದೆ.

ಕೊಳವೆಕಿವಿ
ಬಾನೆಟ್ ತೆರೆಯುವ ಮುಖವಿಲ್ಲ ಎನ್ನಿ. 1962ರಲ್ಲಿ ಕಾರ್ಖಾನೆಯಿಂದ ಬಂದಾಗಲೇ ಎಂಜಿಬಿಗೆ ಜೋಡಿ ಎಸ್‌ಯು ಇತ್ತು. ಹಳೆಯ ಗಾಡಿಯನ್ನು ಉಳಿಸಿಕೊಳ್ಳುವುದು ಬೇರೆ, ಹಳೆಯ ಗಾಡಿಯ ತಗಡನ್ನು ಉಳಿಸಿಕೊಳ್ಳುವುದು ಬೇರೆ.

ಒಂದೇ_ಸಾಕು
ನನ್ನ ಗಾಡಿ ಓಡುತ್ತದೆ. ನಿಮ್ಮದು ಕೊಳವೆ ಹಿಡಿದುಕೊಂಡು ನಿಂತಿರುತ್ತದೆ.

ಪೊರೆಹರಿದ
ನಿಮಗೆ ಎಸ್‌ಯು ಆದರೂ ಇದೆ. ನನ್ನ ಟ್ರಯಂಫ್ ಕಾರಿನಲ್ಲಿ ಜೋಡಿ ಸ್ಟ್ರಾಂಬರ್ಗ್ ಕಾರ್ಬುರೇಟರ್, ಪಿಸ್ಟನ್ ಮೇಲೆ ರಬ್ಬರ್ ಪೊರೆ. ಸೂಜಿಮೊನೆಯಷ್ಟು ತೂತಾದರೂ ಆ ಕಡೆಯ ಪಿಸ್ಟನ್ ಸರಿಯಾಗಿ ಏರುವುದಿಲ್ಲ. ಐಡ್ಲಿಂಗ್‌ನಲ್ಲಿ ಎಲ್ಲ ಸಮ, ಗಾಡಿ ಏರು ಹತ್ತುವಾಗ ಅರ್ಧ ಎಂಜಿನ್. ಮೀಟರ್ ನಂಬುವವರಿಗೂ ಕಿವಿ ನಂಬುವವರಿಗೂ ಅದು ನಿಂತಲ್ಲಿ ಸಿಗುವುದಿಲ್ಲ. ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಹಳೆಯ ರಬ್ಬರ್ ಯಾವುದೂ ಉಳಿಯುತ್ತಿಲ್ಲ, ಜೊತೆಗೆ ಮಿಶ್ರಣವೂ ಲೀನ್ ಕಡೆಗೆ ಜಾರುತ್ತದೆ. ಹಳೆಯ ಪುಸ್ತಕದ ಲೆಕ್ಕ ಹಿಡಿದು ಜೆಟ್ ಇಳಿಸಿದರೆ ಸಾಲದು.

ಮುಳ್ಳು_ನಂಬುವವ
ನಿಂತಲ್ಲಿ ಸಿಗುವುದಿಲ್ಲ ಎಂದು ನಾನು ಹೇಳಿದ್ದೆನೇ? ಪೊರೆ ಹರಿದಿದ್ದರೆ ಪೊರೆ ಬದಲಿಸಿ, ಮೀಟರಿನ ಮೇಲೆ ಸಿಟ್ಟೇಕೆ.

ಹಳೆಚಕ್ರ
ಎಲ್ಲರಿಗೂ ಧನ್ಯವಾದ. ಲೇತ್_ಸಂತ್ರಸ್ತ ಅವರೇ, ಏರ್ ಫಿಲ್ಟರ್ ಬಿಚ್ಚಿ ಪಿಸ್ಟನ್ ಎತ್ತಿ ನೋಡಿದೆ, ನನ್ನ ಎರಡರಲ್ಲೂ ನೀವು ಹೇಳಿದ ಪುಟ್ಟ ವಾಲ್ವ್ ಇದೆ. ಸಾದಾ ತಗಡು ಅದೇ ಸ್ಪಿಂಡಲ್‌ಗೆ ಕೂರುತ್ತದೆಯೇ?

ಲೇತ್_ಸಂತ್ರಸ್ತ
ಕೂರುತ್ತದೆ. ಹಳೆಯ ಸ್ಕ್ರೂಗಳನ್ನು ಮತ್ತೆ ಹಾಕಬೇಡಿ, ಹೊಸವನ್ನೇ ಹಾಕಿ. ತಗಡನ್ನು ಪೂರ್ತಿ ಮುಚ್ಚಿ ನಡುವಿಗೆ ಕೂರಿಸಿದ ಮೇಲೆ ಬಿಗಿದು, ಸ್ಕ್ರೂಗಳ ಸೀಳಿರುವ ತುದಿಯನ್ನು ಅಗಲಿಸಿ. ಸ್ಕ್ರೂ ಸಡಿಲಾಗಿ ಬಿದ್ದರೆ ನೇರ ಸಿಲಿಂಡರ್‌ಗೆ. ಸೀಳು ಅಗಲಿಸುವ ಕೆಲಸವನ್ನು ಲೇತ್‌ನವನಿಗೆ ಮಾತ್ರ ಕೊಡಬೇಡಿ, ಆ ಕಥೆ ಇನ್ನೊಂದಿದೆ.

ಇಪ್ಪತ್ತರ_ಎಣ್ಣೆ
ಇಷ್ಟು ಬರೆದಿದ್ದೀರಿ, ಗುಮ್ಮಟದ ಎಣ್ಣೆಯ ಬಗ್ಗೆ ಒಬ್ಬರೂ ಮಾತನಾಡಿಲ್ಲ. ಎಸ್‌ಎಇ 20, ಬೇರೆ ಯಾವುದೂ ಅಲ್ಲ. ಯಾರೋ ಹೇಳಿದರೆಂದು ನನ್ನ ಗೆಳೆಯ ಹೊಲಿಗೆ ಯಂತ್ರದ ಎಣ್ಣೆ ಹಾಕಿದ, ಆಕ್ಸಿಲರೇಟರ್ ತುಳಿದಾಗಲೆಲ್ಲ ಗಾಡಿ ಕೆಮ್ಮುತ್ತಿತ್ತು. ಪಿಸ್ಟನ್ ಥಟ್ಟನೆ ಏರಿದರೆ ಗಾಳಿ ಮುಂದೆ, ಪೆಟ್ರೋಲ್ ಹಿಂದೆ.

ಕೊಳವೆಕಿವಿ
ನಾನು ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ, ಎಟಿಎಫ್, ಹಾಕುತ್ತೇನೆ, ಯಾವ ಕೆಮ್ಮೂ ಇಲ್ಲ.

ಇಪ್ಪತ್ತರ_ಎಣ್ಣೆ
ಕೊಳವೆ ಕಿವಿಯಲ್ಲಿದ್ದರೆ ಕೆಮ್ಮು ಕೇಳಿಸುವುದು ಹೇಗೆ?