ಹೊಲದಲ್ಲಿ ತಪ್ಪಿಸಿಕೊಂಡ ನಾಯಿಯನ್ನು ಬ್ಲೂಟೂತ್ ಟ್ಯಾಗ್ ಹುಡುಕಿಕೊಡಬಲ್ಲದೆ?

ಪ್ರಶ್ನೆ: ತೊಗರಿನಾಡು (ಕಲಬುರಗಿ)

ಮಾನ್ಯರೆ, ನಾವು ಕಲಬುರಗಿ ನಗರದಲ್ಲಿ ವಾಸವಾಗಿದ್ದೇವೆ. ಹೊಲ ಅಫಜಲಪುರ ತಾಲ್ಲೂಕಿನಲ್ಲಿದೆ. ಅಲ್ಲಿಗೆ ಹೋಗುವಾಗ ಸಾಕಿದ ನಾಯಿಯನ್ನೂ ಕರೆದೊಯ್ಯುತ್ತೇವೆ. ತೊಗರಿ ಎದೆಯೆತ್ತರ ಬೆಳೆದು ನಿಂತ ತಿಂಗಳುಗಳಲ್ಲಿ ಅದು ಸಾಲುಗಳೊಳಗೆ ನುಗ್ಗಿತೆಂದರೆ ಎತ್ತ ಹೋಯಿತೆಂದು ತಿಳಿಯುವುದಿಲ್ಲ. ದೀಪಾವಳಿಯ ಪಟಾಕಿಗೆ ಬೆದರಿ ನಗರದ ಮನೆಯಿಂದಲೂ ಓಡಿಹೋದದ್ದುಂಟು. ಅದು ಮರಳುವವರೆಗೆ ನಮ್ಮ ತಾಯಿಯವರು ಊಟಕ್ಕೆ ಕೂರುವುದಿಲ್ಲ. ಮೊಬೈಲ್ ಅಂಗಡಿಯವರು ಒಂದು ಪುಟ್ಟ ಟ್ಯಾಗನ್ನು ತೋರಿಸಿ, ಇದನ್ನು ಕೊರಳಪಟ್ಟಿಗೆ ಸಿಕ್ಕಿಸಿದರೆ ನಾಯಿ ಎಲ್ಲಿದ್ದರೂ ಗೊತ್ತಾಗುತ್ತದೆ ಎನ್ನುತ್ತಾರೆ. ಅದರಲ್ಲಿ ಸಿಮ್ ಇಲ್ಲ, ಚಾರ್ಜ್ ಮಾಡುವ ವ್ಯವಸ್ಥೆಯೂ ಇಲ್ಲ. ಹೀಗಿರುವಾಗ ಅದು ತಾನಿರುವ ಜಾಗವನ್ನು ತಿಳಿಸುವುದಾದರೂ ಹೇಗೆ? ಹೊಲದಲ್ಲಿ ಅದನ್ನು ನಂಬಬಹುದೆ? ಮನೆಯ ಕೀಲಿಕೈ ಗೊಂಚಲಿಗೂ ಒಂದನ್ನು ಕೊಳ್ಳುವ ಯೋಚನೆಯಿದೆ.

ಉತ್ತರ: ಭೀಮಾತೀರ

ಅಂಗಡಿಯವರ ಮಾತು ಕೀಲಿಕೈಗೆ ಸರಿ; ಹೊಲದಲ್ಲಿರುವ ನಾಯಿಗೆ ಸರಿಯಲ್ಲ. ಏಕೆಂದರೆ ಆ ಟ್ಯಾಗಿಗೆ ತಾನೆಲ್ಲಿದ್ದೇನೆಂಬುದು ಗೊತ್ತೇ ಇರುವುದಿಲ್ಲ. ಅದರೊಳಗೆ ಜಿಪಿಎಸ್ ಇಲ್ಲ. ಇರುವುದು ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುವ ಬ್ಲೂಟೂತ್ ಚಿಪ್ ಮತ್ತು ಬಹುಪಾಲು ಟ್ಯಾಗುಗಳಲ್ಲಿ ಸಿಆರ್2032 ಎಂಬ ಬಟನ್ ಸೆಲ್. ಚಿಪ್ ಕೆಲವು ಸೆಕೆಂಡುಗಳಿಗೊಮ್ಮೆ ತನ್ನ ಗುರುತಿನ ಸಂಕೇತವನ್ನು ಸುತ್ತಲೂ ಬಿತ್ತರಿಸಿ ಮತ್ತೆ ಸುಮ್ಮನಾಗುವುದರಿಂದಲೇ ಒಂದು ಸೆಲ್ ಸುಮಾರು ಒಂದು ವರ್ಷ ಬಾಳುತ್ತದೆ.

ಆ ಸಂಕೇತ ಪಕ್ಕದಲ್ಲಿ ಹಾದುಹೋಗುವ ಯಾರದೋ ಫೋನಿಗೆ ತಲುಪಿದಾಗ, ಆ ಫೋನು ತಾನಿರುವ ಜಾಗವನ್ನು ಗೂಢಲಿಪಿಗೆ ತಿರುಗಿಸಿ ಕಂಪನಿಯ ಸರ್ವರಿಗೆ ಕಳುಹಿಸುತ್ತದೆ. ಅದನ್ನು ಬಿಡಿಸುವ ಕೀಲಿ ಟ್ಯಾಗಿನ ಮಾಲೀಕರ ಬಳಿ ಮಾತ್ರ ಇರುತ್ತದೆ. ಫೋನಿನವರಿಗೆ ಈ ಸಂಗತಿ ತಿಳಿಯುವುದೂ ಇಲ್ಲ, ಟ್ಯಾಗ್ ಯಾರದೆಂಬುದು ಅವರಿಗೆ ಕಾಣುವುದೂ ಇಲ್ಲ. ಅಂದರೆ ನಿಮ್ಮ ನಕ್ಷೆಯ ಮೇಲೆ ಮೂಡುವ ಚುಕ್ಕೆ ಟ್ಯಾಗನ್ನು ಕೊನೆಯದಾಗಿ ಕಂಡ ಫೋನು ಆಗ ಎಲ್ಲಿತ್ತೆಂಬುದನ್ನು ತೋರಿಸುತ್ತದೆ. ಚುಕ್ಕೆಯ ಕೆಳಗೆ ಬರೆದಿರುವ ಸಮಯವನ್ನು ನೋಡದೆ ಹುಡುಕಲು ಹೊರಡಬಾರದು, ಓಡುವ ಪ್ರಾಣಿಯ ವಿಷಯದಲ್ಲಂತೂ ಖಂಡಿತ ಬಾರದು.

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿಯೋ ರೈಲು ನಿಲ್ದಾಣದಲ್ಲಿಯೋ ಚೀಲ ಬಿಟ್ಟುಹೋದರೆ ಎಣಿಸಲಾಗದಷ್ಟು ಫೋನುಗಳು ಅದರ ಪಕ್ಕದಲ್ಲಿ ಓಡಾಡುತ್ತವೆ. ಉತ್ತರ ಬೇಗ ಬರುತ್ತದೆ. ನಿಮ್ಮ ತೊಗರಿ ಸಾಲಿನಲ್ಲಿ ಹಾದುಹೋಗುವವರು ಯಾರು? ಬಯಲಿನಲ್ಲಿ ಬ್ಲೂಟೂತ್ ಸಂಕೇತ ಹೆಚ್ಚೆಂದರೆ ಕೆಲವು ಹತ್ತು ಮೀಟರುಗಳವರೆಗೆ ಚೆನ್ನಾಗಿ ಕೇಳಿಸುತ್ತದೆ. ಹಸಿ ಗಿಡಗಳಲ್ಲಿರುವ ನೀರು, ನಾಯಿಯ ಮೈ, ಇವೆಲ್ಲ ಅದನ್ನು ಹೀರಿಕೊಳ್ಳುವುದರಿಂದ ಆ ದೂರ ಇನ್ನೂ ಕುಗ್ಗುತ್ತದೆ.

ಮನೆಯೊಳಗಿನ ಹುಡುಕಾಟವೇ ಬೇರೆ. ಟ್ಯಾಗ್ ನಿಮ್ಮ ಫೋನಿನ ವ್ಯಾಪ್ತಿಯಲ್ಲಿದ್ದರೆ ಅದರಿಂದ ಸದ್ದು ಹೊರಡಿಸಬಹುದು. ಫರಸಿ ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಒಂದು ಕೋಣೆಯ ಸಂಕೇತ ಮುಂದಿನ ಕೋಣೆಗೆ ತಲುಪುವಷ್ಟರಲ್ಲಿಯೇ ಸೊರಗುತ್ತದೆ. ಕಬ್ಬಿಣದ ಟ್ರಂಕಿನಲ್ಲಿ ಕೌದಿಗಳ ಕೆಳಗೆ ಸೇರಿಕೊಂಡ ಕೀಲಿಕೈಯನ್ನು ಹುಡುಕುವಾಗ ಟ್ರಂಕಿನ ಮುಚ್ಚಳ ತೆರೆದೊಡನೆ ಸಂಕೇತ ಬಲವಾಗುವುದನ್ನು ಪರದೆಯ ಮೇಲೆಯೇ ಕಾಣಬಹುದು. ಆ್ಯಪಲ್ ಕಂಪನಿಯ ಏರ್‌ಟ್ಯಾಗ್‌ನಂತಹ ಕೆಲವು ಟ್ಯಾಗುಗಳಲ್ಲಿ ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಇನ್ನೊಂದು ರೇಡಿಯೊ ಇರುತ್ತದೆ. ಅದು ಸಂಕೇತ ಹೋಗಿಬರಲು ತೆಗೆದುಕೊಳ್ಳುವ ಸಮಯದಿಂದ ದೂರವನ್ನು ಲೆಕ್ಕ ಹಾಕುವುದರಿಂದ, ಅದೇ ರೇಡಿಯೊ ಇರುವ ಫೋನಿನಲ್ಲಿ ಬಾಣದ ಗುರುತು ಮೂಡಿ, ಎಷ್ಟು ದೂರ, ಯಾವ ದಿಕ್ಕು ಎಂದು ತೋರಿಸುತ್ತದೆ. ಕೀಲಿಕೈಗೆ ಧೈರ್ಯವಾಗಿ ಕೊಳ್ಳಿರಿ.

ಉತ್ತರ: ಬೀದರಿನ ಪಶುವೈದ್ಯೆ

ಭೀಮಾತೀರ ಅವರ ವಿವರಣೆಗೆ ನನ್ನ ವೃತ್ತಿಯ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಏರ್‌ಟ್ಯಾಗನ್ನು 2021ರಲ್ಲಿ ಮಾರುಕಟ್ಟೆಗೆ ತಂದ ಆ್ಯಪಲ್ ಕಂಪನಿಯೇ ಅದು ವಸ್ತುಗಳಿಗಾಗಿ ಇರುವುದೇ ಹೊರತು ಸಾಕುಪ್ರಾಣಿಗಳಿಗಲ್ಲ ಎಂದು ಹೇಳಿದೆ. ನನ್ನ ದೊಡ್ಡ ಆತಂಕ ಸೆಲ್ಲಿನದು. ನಾಯಿ ಟ್ಯಾಗನ್ನು ಕಡಿದು ಆ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒಳಗಿನ ತೇವದಿಂದ ವಿದ್ಯುತ್ ಹರಿದು, ಎರಡು ಗಂಟೆಯೊಳಗೇ ಗೋಡೆ ಸುಟ್ಟು ತೂತಾಗಬಹುದು. ಮನೆಯಲ್ಲಿ ಎರಡನೆಯ ನಾಯಿಯಿದ್ದು, ಒಂದರ ಕೊರಳಪಟ್ಟಿಯನ್ನು ಇನ್ನೊಂದು ಕಚ್ಚಿ ಆಡುತ್ತಿದ್ದರೆ ಟ್ಯಾಗ್ ಕಟ್ಟಲೇಬೇಡಿ. ಒಂಟಿ ನಾಯಿಯಾದರೆ ಜೋತಾಡುವ ಉಂಗುರದ ಬದಲು ಪಟ್ಟಿಗೆ ಹೊಲಿದ ಚೀಲದೊಳಗೆ ಟ್ಯಾಗನ್ನು ಇಟ್ಟು, ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲ ಬಿಡಿ.

ಮೈಕ್ರೋಚಿಪ್ ಹಾಕಿಸಿದರೆ ನಾಯಿ ಎಲ್ಲಿದೆಯೆಂದು ತಿಳಿಯುತ್ತದಲ್ಲವೆ ಎಂದು ಕೇಳುವವರು ಬಹಳ ಮಂದಿ. ತಿಳಿಯುವುದಿಲ್ಲ. ಭುಜಗಳ ನಡುವೆ ಚರ್ಮದ ಕೆಳಗೆ ಚುಚ್ಚುವ ಅಕ್ಕಿಕಾಳಿನಂತಹ ಆ ಚಿಪ್ಪಿಗೆ ಬ್ಯಾಟರಿಯೇ ಇಲ್ಲ. ಓದುವ ಯಂತ್ರವನ್ನು ಮೈಗೆ ಹತ್ತಿರ ಹಿಡಿದಾಗ ಮಾತ್ರ 15 ಅಂಕಿಗಳ ಸಂಖ್ಯೆಯನ್ನು ತೋರಿಸುತ್ತದೆ. ದನಕರುಗಳಿಗೆ ಇಲಾಖೆಯವರು ಹಾಕುವ 12 ಅಂಕಿಗಳ ಹಳದಿ ಕಿವಿಯೋಲೆಯೂ ಗುರುತಿಗಾಗಿಯೇ ಇರುವುದು. ಇವು ಸಿಕ್ಕ ಪ್ರಾಣಿ ಯಾರದೆಂದು ಹೇಳುತ್ತವೆ, ಕಳೆದ ಪ್ರಾಣಿಯನ್ನು ಹುಡುಕುವುದಿಲ್ಲ.

ಹೊಲದ ನಾಯಿಗೆ ಬೇಕಾದುದು ಸಿಮ್ ಇರುವ ಜಿಪಿಎಸ್ ಟ್ರ್ಯಾಕರ್. ಅದು ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕಿ ಮೊಬೈಲ್ ಟವರಿನ ಮೂಲಕ ಕಳುಹಿಸುತ್ತದೆ. ಭಾರ ಹೆಚ್ಚು, ಕೆಲವು ದಿನಗಳಿಗೊಮ್ಮೆ ಚಾರ್ಜ್ ಮಾಡಬೇಕು, ಸಿಮ್ಮಿಗೆ ರೀಚಾರ್ಜ್ ಬೇಕು. ಟವರ್ ಸಿಗದ ತಗ್ಗಿನಲ್ಲಿ ಅದೂ ಮೌನವಾಗುತ್ತದೆ.

ತೊಗರಿನಾಡು (ಪ್ರಶ್ನೆ ಕೇಳಿದವರು)

ಡಾಕ್ಟರ್ ಮೇಡಂ, ಭೀಮಾತೀರ ಅವರೆ, ಇಬ್ಬರಿಗೂ ಧನ್ಯವಾದಗಳು. ನಾಯಿಗೆ ಜಿಪಿಎಸ್ ಟ್ರ್ಯಾಕರನ್ನೇ ತರುತ್ತೇನೆ. ಕೀಲಿಕೈ ಗೊಂಚಲು ಹೊಲದ ಮನೆಗೂ ಬರುತ್ತದೆ, ಅಲ್ಲಿ ಎಲ್ಲರದೂ ಆಂಡ್ರಾಯ್ಡ್ ಫೋನು. ಯಾವ ಟ್ಯಾಗ್ ಕೊಳ್ಳಲಿ?

ಉತ್ತರ: ಯಾದಗಿರಿ ಓದುಗ

ಆಂಡ್ರಾಯ್ಡ್ ಫೋನುಗಳ ಜಾಲದಲ್ಲಿ ಕೆಲಸ ಮಾಡುವ ಟ್ಯಾಗನ್ನೇ ಕೊಳ್ಳಿರಿ. ಆ್ಯಪಲ್ ಜಾಲದ ಟ್ಯಾಗಿನ ಜಾಗವನ್ನು ಆಂಡ್ರಾಯ್ಡ್ ಫೋನುಗಳು ವರದಿ ಮಾಡುವುದಿಲ್ಲ, ಆಂಡ್ರಾಯ್ಡಿನದನ್ನು ಐಫೋನುಗಳು ಮಾಡುವುದಿಲ್ಲ. ಆದರೆ ಕೊಂಡ ಮೇಲೆ ಒಂದು ಕೆಲಸ ಬಾಕಿಯಿರುತ್ತದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ. 2024ರಲ್ಲಿ ಗೂಗಲ್ ಆರಂಭಿಸಿದ ಈ ಜಾಲದಲ್ಲಿ, ಫೋನಿನ ಮೂಲ ಸೆಟ್ಟಿಂಗ್ ಹೆಚ್ಚು ಜನಸಂಚಾರವಿರುವ ಜಾಗಗಳಿಗೆ ಮಾತ್ರ ಸೀಮಿತವಾಗಿದೆ. ಹಲವು ಫೋನುಗಳು ಅದೇ ಟ್ಯಾಗನ್ನು ಕಂಡ ಮೇಲಷ್ಟೇ ಜಾಗ ಮಾಲೀಕರಿಗೆ ತಲುಪುತ್ತದೆ. ಒಂಟಿಯಾಗಿ ಓಡಾಡುವವರ ಜಾಗ ಬಯಲಾಗಬಾರದೆಂಬ ಕಾಳಜಿಯಿಂದ ಮಾಡಿದ ಏರ್ಪಾಡು ಅದು, ನಾನು ಅದನ್ನು ಒಪ್ಪುತ್ತೇನೆ. ಆದರೂ ಹಳ್ಳಿಯ ದಾರಿಯಲ್ಲಿ ಒಬ್ಬರೇ ಹಾದುಹೋದರೆ ಏನೂ ವರದಿಯಾಗುವುದಿಲ್ಲ. ಹೊಲದ ಆಳುಗಳಿಗೂ ನೆರೆಯವರಿಗೂ ವಿಷಯ ವಿವರಿಸಿ, ಅವರು ಒಪ್ಪಿದರೆ ಗೂಗಲ್ ಸೆಟ್ಟಿಂಗ್‌ನಲ್ಲಿ ಫೈಂಡ್ ಹಬ್ ಎಂಬ ಈ ಜಾಲದ ವಿಭಾಗಕ್ಕೆ ಹೋಗಿ ಎಲ್ಲ ಜಾಗಗಳಲ್ಲಿಯೂ ಎಂಬ ಆಯ್ಕೆಯನ್ನು ಮಾಡಿಸಿರಿ. ಬ್ಲೂಟೂತ್ ಮತ್ತು ಲೊಕೇಶನ್ ಚಾಲೂ ಇರಬೇಕು.

ಇನ್ನೊಂದು ವಿಷಯ. ಟ್ಯಾಗ್ ಇರುವ ಕೀಲಿಕೈಯನ್ನು ಮನೆಯ ಬೇರೊಬ್ಬರು ಒಯ್ದರೆ ಅವರ ಫೋನಿಗೆ ಅಪರಿಚಿತ ಟ್ಯಾಗ್ ನಿಮ್ಮೊಡನೆ ಸಾಗುತ್ತಿದೆ ಎಂಬ ಎಚ್ಚರಿಕೆ ಬರಬಹುದು. ಗುಟ್ಟಾಗಿ ಹಿಂಬಾಲಿಸುವವರಿಂದ, ಅದರಲ್ಲೂ ಹೆಣ್ಣುಮಕ್ಕಳನ್ನು, ಕಾಪಾಡಲು ಈ ವ್ಯವಸ್ಥೆ ಅತ್ಯಗತ್ಯ; ಅದನ್ನು ಯಾರೂ ನಿಲ್ಲಿಸಬಾರದು. ಟ್ಯಾಗನ್ನು ಮನೆಯವರ ಖಾತೆಗಳೊಂದಿಗೆ ಹಂಚಿಕೊಂಡರೆ ಆ ಎಚ್ಚರಿಕೆ ಅವರಿಗೆ ಬರುವುದಿಲ್ಲ, ಕೀಲಿಕೈಯನ್ನು ಅವರೂ ಹುಡುಕಬಹುದು. ಕಳ್ಳತನವಾದ ಚೀಲದಲ್ಲಿ ಟ್ಯಾಗಿದ್ದರೆ ಕಳ್ಳನಿಗೂ ಇದೇ ಎಚ್ಚರಿಕೆ ಹೋಗುತ್ತದೆ. ಆದ್ದರಿಂದ ನಕ್ಷೆಯಲ್ಲಿ ಜಾಗ ಕಂಡೊಡನೆ ಅದರ ಸ್ಕ್ರೀನ್‌ಶಾಟ್ ತೆಗೆದು ಪೊಲೀಸ್ ಠಾಣೆಗೆ ಹೋಗಿರಿ, ಒಬ್ಬರೇ ಆ ಮನೆಯ ಬಾಗಿಲಿಗೆ ಹೋಗಬೇಡಿ.

ಉತ್ತರ: ಬೀದರಿನ ಪಶುವೈದ್ಯೆ

ತೊಗರಿನಾಡು ಅವರೆ, ಟ್ರ್ಯಾಕರ್ ಕೊಂಡರೂ ನಿಮ್ಮ ಮೊಬೈಲ್ ಸಂಖ್ಯೆಯನ್ನು ಕೊರಳಪಟ್ಟಿಯ ಮೇಲೆ ದೊಡ್ಡದಾಗಿ ಬರೆಸಿರಿ. ಚಾರ್ಜ್ ಮುಗಿದ ಹೊತ್ತಿನಲ್ಲಿ ನಾಯಿಯನ್ನು ಕಂಡ ಕುರಿಗಾಹಿಗೆ ನಿಮ್ಮನ್ನು ಕರೆಯಲು ಬೇರೆ ದಾರಿಯಿರುವುದಿಲ್ಲ.