ಕೆಟ್ಟ ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್ ತಗೊಂಡು ರಿಪೇರಿ ಮಾಡಿದರೆ ಗಿಟ್ಟುತ್ತದಾ?

ದಾವಣಗೆರೆ_ಡಿಪ್ಲೊಮಾ

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ಸೋಲ್ಡರಿಂಗ್ ಬರುತ್ತದೆ. ಮನೆಯಲ್ಲಿ ಎಲ್‌ಇಡಿ ಬಲ್ಬ್, ಮಿಕ್ಸರ್, ಅಪ್ಪನ ಹಳೇ ರೇಡಿಯೊ ಎಲ್ಲ ನಾನೇ ಸರಿ ಮಾಡಿದ್ದೇನೆ. ಇಲ್ಲಿ ಒಂದು ಕಂಪ್ಯೂಟರ್ ಅಂಗಡಿಯ ಮೂಲೆಯಲ್ಲಿ ಕೆಟ್ಟ ಕಾರ್ಡುಗಳದ್ದೇ ಒಂದು ರಾಶಿ ಬಿದ್ದಿದೆ. ಅದರಲ್ಲಿ ಒಂದು ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್, 8 ಜಿಬಿಯದ್ದು. ಡಿಸ್‌ಪ್ಲೇ ಬರುವುದಿಲ್ಲವಂತೆ, 1500 ರೂಪಾಯಿ ಹೇಳುತ್ತಿದ್ದಾರೆ. ಚೆನ್ನಾಗಿರುವುದು ಸೆಕೆಂಡ್ ಹ್ಯಾಂಡ್‌ನಲ್ಲಿ ಇಲ್ಲಿ 5000ದ ಹತ್ತಿರ ಇದೆ. ಹಾಗಾಗಿ ಇಂಥದ್ದು ತಗೊಂಡು ಸರಿ ಮಾಡಿ ಮಾರಿದರೆ ಕಾಲೇಜಿನ ಖರ್ಚಿಗಾದರೂ ಆಗುತ್ತದೆ ಅಂತ ಆಸೆ. ನನ್ನ ಹತ್ತಿರ ಕೂಡಿಟ್ಟ ದುಡ್ಡು 6000 ಇದೆ. ಮಾಡಿದವರು ಇದ್ದರೆ ನಿಜ ಹೇಳಿ, ಇದು ಗಿಟ್ಟುತ್ತದಾ?

ಹಾಟ್‌ಏರ್_ಹಾಸನ

11 ವರ್ಷದಿಂದ ಚಿಪ್ ಲೆವೆಲ್ ರಿಪೇರಿ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಲಾಭ ಇರುವುದು ರಿಪೇರಿಯಲ್ಲಿ ಅಲ್ಲ ತಮ್ಮ, ಕೊಳ್ಳುವುದರಲ್ಲಿ. ಏನು ಕೆಟ್ಟಿದೆ ಅಂತ ದುಡ್ಡು ಕೊಡುವ ಮೊದಲೇ ಅರ್ಧ ಗೊತ್ತಾಗಿರಬೇಕು. ಗೊತ್ತಾಗದ ಮಾಲನ್ನು ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬೇಡ. ಇನ್ನೊಂದು ವಿಷಯ, ಲೆಕ್ಕ ಹಾಕುವಾಗ ಸಾಮಾನಿನ ಖರ್ಚನ್ನೂ ಸೇರಿಸು. ಹಾಟ್ ಏರ್ ಸ್ಟೇಷನ್, ಒಳ್ಳೇ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಸುವ ಅಂಟು), ವಿಕ್ (ಹಳೇ ಬೆಸುಗೆ ಹೀರುವ ತಾಮ್ರದ ಪಟ್ಟಿ), ಬೆಂಚ್ ಪವರ್ ಸಪ್ಲೈ ಎಲ್ಲ ಸೇರಿದರೆ ನಿನ್ನ 6000 ಅಲ್ಲೇ ಮುಗಿಯುತ್ತದೆ. ಮೊದಲ ನಾಲ್ಕೈದು ಕಾರ್ಡಿನ ಲಾಭವೆಲ್ಲ ಸಾಮಾನಿಗೇ ಹೋಗುತ್ತದೆ ಅಂತ ಇಟ್ಟುಕೋ.

ಹೋದ ತಿಂಗಳು ನನ್ನ ಕೈಗೆ ಬಂದ ಒಂದು ಕಾರ್ಡಿನ ಕತೆ ಹೇಳುತ್ತೇನೆ. ಕಾರ್ಡ್ ಹಾಕಿದರೆ ಕಂಪ್ಯೂಟರೇ ಆನ್ ಆಗುತ್ತಿರಲಿಲ್ಲ, ಫ್ಯಾನ್ ಒಂದು ಸಲ ಅಲ್ಲಾಡಿ ನಿಂತುಬಿಡುತ್ತಿತ್ತು. ಪವರ್ ಕನೆಕ್ಟರಿನ 12 ವೋಲ್ಟ್ ಪಿನ್ನಿಂದ ಗ್ರೌಂಡಿಗೆ ಮೀಟರ್ ಹಿಡಿದರೆ 0.4 ಓಮ್. ಅಲ್ಲಿ ಅಷ್ಟು ಕಡಿಮೆ ಬರಲೇಬಾರದು. ಸರಿ, ಶಾರ್ಟ್ ಇದೆ, ಅಂದರೆ ಕರೆಂಟ್ ನೇರವಾಗಿ ಗ್ರೌಂಡಿಗೆ ಹೋಗುತ್ತಿದೆ. ಆದರೆ ಎಲ್ಲಿ? ಬೆಂಚ್ ಸಪ್ಲೈನಲ್ಲಿ 1 ವೋಲ್ಟ್ ಇಟ್ಟು, ಕರೆಂಟ್ ಲಿಮಿಟ್ ಮಾಡಿ, ಅದೇ ಲೈನಿಗೆ ಕೊಟ್ಟೆ. ಶಾರ್ಟ್ ಆದ ಭಾಗ ಬಿಸಿಯಾಗುತ್ತದೆ, ಅದನ್ನು ಹಿಡಿಯಲು ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದೆ. ಇಡೀ ಬೋರ್ಡ್ ಒದ್ದೆಯಾಗಿ ಹೊಳೆಯುತ್ತಿತ್ತು. ಹತ್ತು ಸೆಕೆಂಡ್ ಆಗಿರಬಹುದು, ಒಂದೇ ಒಂದು ಕಡೆ, ಸಾಸಿವೆ ಕಾಳಿನಷ್ಟು ಜಾಗ, ತಾನಾಗೇ ಒಣಗಿತು. ಅಲ್ಲಿ ಒಂದು ಪುಟ್ಟ ಸೆರಾಮಿಕ್ ಕೆಪಾಸಿಟರ್. ಅದನ್ನು ತೆಗೆದೆ, ಶಾರ್ಟ್ ಹೋಯಿತು. ಗುಜರಿ ಬೋರ್ಡಿನಿಂದ ಅಂಥದ್ದೇ ಒಂದು ತೆಗೆದು ಕೂರಿಸಿದೆ. ಡಿಸ್‌ಪ್ಲೇ ಬಂತು. ಇಷ್ಟು ವರ್ಷ ಆದರೂ ಆ ಜಾಗ ಒಣಗುವುದನ್ನು ನೋಡುವಾಗ ಆಗುವ ಖುಷಿ ಕಡಿಮೆ ಆಗಿಲ್ಲ.

ಆದರೆ ಅದೇ ಶಾರ್ಟ್ ಕೆಪಾಸಿಟರಿನಲ್ಲಿ ಇರದೆ 12 ವೋಲ್ಟ್ ಕಡೆಯ ಮಾಸ್ಫೆಟ್‌ನಲ್ಲಿ (ಕರೆಂಟ್ ಬಿಡುವ, ತಡೆಯುವ ಸ್ವಿಚ್ಚಿನಂಥ ಭಾಗ) ಇದ್ದಿದ್ದರೆ ಕತೆ ಬೇರೆ. ಆಗ 12 ವೋಲ್ಟ್ ನೇರವಾಗಿ ಚಿಪ್ಪಿಗೆ ನುಗ್ಗಿರುತ್ತದೆ. ಚಿಪ್ ನಡೆಯುವುದೇ 1 ವೋಲ್ಟ್ ಆಸುಪಾಸಿನಲ್ಲಿ. ಮಾಸ್ಫೆಟ್ ಬದಲಾಯಿಸಬಹುದು, ಸತ್ತ ಚಿಪ್ ಬದುಕುವುದಿಲ್ಲ. ಅದಕ್ಕೇ 12 ವೋಲ್ಟ್ ಪಿನ್ನಿಗೂ ಕೋರ್ ಕಾಯಿಲಿಗೂ (ಮುಖ್ಯ ಚಿಪ್ಪಿಗೆ ಕರೆಂಟ್ ಕೊಡುವ ಕಾಯಿಲ್) ನಡುವೆ ಅಳೆದು ನೋಡು. ಅಲ್ಲಿ ಸೊನ್ನೆಯ ಹತ್ತಿರ ಬಂದರೆ ಆ ಕಾರ್ಡನ್ನು ಅಲ್ಲೇ ಇಟ್ಟು ಬಾ.

ಕೆಟ್ಟ ಕಾರ್ಡನ್ನು ಒವನ್‌ನಲ್ಲಿ ಬೇಯಿಸಿ ಸರಿ ಮಾಡುವ ವಿಡಿಯೊಗಳನ್ನು ದಯವಿಟ್ಟು ನಂಬಬೇಡ. ಒಂದೆರಡು ವಾರ ನಡೆಯುತ್ತದೆ, ಮತ್ತೆ ಹೋಗುತ್ತದೆ. ಅಷ್ಟರಲ್ಲಿ ನೀನು ಅದನ್ನು ಯಾರಿಗೋ ಮಾರಿರುತ್ತೀಯ. ಅದು ಮೋಸ ಅಲ್ವಾ?

ತುಮಕೂರು_ಟವರ್

ನಾನು ಕೈ ಸುಟ್ಟುಕೊಂಡವನು, ಅದಕ್ಕೇ ಬರೆಯುತ್ತಿದ್ದೇನೆ. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ 4 ಮದರ್‌ಬೋರ್ಡ್ ಒಟ್ಟಿಗೆ 3200ಕ್ಕೆ ತಗೊಂಡೆ. "ಟೆಸ್ಟ್ ಮಾಡಿಲ್ಲ, ಹಾಗೇ ಕೊಡುತ್ತಿದ್ದೇನೆ" ಅಂದಿದ್ದರು. ಮನೆಗೆ ಬಂದ ಮೇಲೆ ಬೆಳಕಿನಲ್ಲಿ ಹಿಡಿದು ನೋಡಿದರೆ ಮೂರರಲ್ಲಿ ಚಿಪ್ ಸುತ್ತ ಫ್ಲಕ್ಸ್ ಅಂಟಂಟಾಗಿ ಉಳಿದಿತ್ತು. ಒಂದರಲ್ಲಿ ಬಯೋಸ್ (ಬೋರ್ಡ್ ಶುರುವಾಗಲು ಬೇಕಾದ ಪ್ರೋಗ್ರಾಮ್) ಇರುವ ಚಿಪ್ಪೇ ಇರಲಿಲ್ಲ, ಬರೀ ಎಂಟು ಕಾಲಿನ ಗುರುತು. ಅಂದರೆ ನನಗಿಂತ ಮೊದಲೇ ಯಾರೋ ಬಿಚ್ಚಿ, ಆಗದೆ, ಬೇಕಾದ ಭಾಗ ಕಿತ್ತುಕೊಂಡು ಬಿಟ್ಟಿದ್ದಾರೆ. ನಾಲ್ಕರಲ್ಲಿ ಒಂದೂ ಎದ್ದೇಳಲಿಲ್ಲ.

ಟೆಸ್ಟ್ ಮಾಡಿಲ್ಲ ಅಂದರೆ ಟೆಸ್ಟ್ ಮಾಡಿ ಸೋತಿದ್ದಾರೆ ಅಂತಲೇ ತಿಳಿದುಕೊಳ್ಳಿ. ಸ್ಕ್ರೂ ತಲೆ ಸವೆದಿದೆಯಾ, ಕೂಲರ್ ಬಿಚ್ಚಿದ ಗುರುತಿದೆಯಾ, ಫ್ಲಕ್ಸ್ ಇದೆಯಾ, ಮೊದಲು ಅದನ್ನೇ ನೋಡಿ. ಯಾರೂ ಕೈ ಹಾಕದ ಕೆಟ್ಟ ಬೋರ್ಡಿಗೆ 500 ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಮೈಸೂರು_ಸಪೋರ್ಟ್

ಗ್ರಾಫಿಕ್ಸ್ ಕಾರ್ಡಿನಿಂದಲೇ ಯಾಕೆ ಶುರು ಮಾಡಬೇಕು ತಮ್ಮ? ನಾನು ಆಫೀಸಿನಲ್ಲಿ ಐಟಿ ಸಪೋರ್ಟ್ ಕೆಲಸ ಮಾಡುತ್ತೇನೆ. ಸಂಜೆ ಹೊತ್ತು ಎರಡೇ ಬಗೆಯ ಕೆಟ್ಟ ಸಾಮಾನು ತಗೊಳ್ಳುತ್ತೇನೆ, ಬೇರೆ ಮುಟ್ಟುವುದಿಲ್ಲ.

ಒಂದು, ಪಿನ್ ಬಗ್ಗಿದ ಎಎಂ4 ಪ್ರೊಸೆಸರ್. ಎಎಂಡಿಯ ಆ ಪ್ರೊಸೆಸರುಗಳಲ್ಲಿ 1331 ಪಿನ್ ಪ್ರೊಸೆಸರಿನಲ್ಲೇ ಇರುತ್ತವೆ, ಕೂಲರ್ ಎಳೆಯುವಾಗ ನಡುವಿನ ಶಾಖ ಸಾಗಿಸುವ ಪೇಸ್ಟ್ ಅಂಟಿಕೊಂಡು ಪ್ರೊಸೆಸರೇ ಕಿತ್ತುಬಂದು ಬಗ್ಗುತ್ತವೆ. ಜನ ಹೆದರಿ ಕಡಿಮೆಗೆ ಕೊಟ್ಟುಬಿಡುತ್ತಾರೆ. ಲೆಡ್ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ ತುದಿಯನ್ನು ಪಿನ್ನಿಗೆ ಹಾಕಿ ನಿಧಾನವಾಗಿ ಎತ್ತಬೇಕು. ಮಗುವಿನ ಕಿವಿಗೆ ಓಲೆ ಹಾಕುವಷ್ಟು ನಿಧಾನ. ಒಂದೇ ಸಲಕ್ಕೆ ನೆಟ್ಟಗೆ ಮಾಡಲು ಹೋದರೆ ಮುರಿಯುತ್ತದೆ, ಮೂರು ಸಲಕ್ಕೆ ಮಾಡು. ಇಂಟೆಲ್‌ನಲ್ಲಿ ಮತ್ತು 2022ರಲ್ಲಿ ಬಂದ ಎಎಂ5ನಲ್ಲಿ ಪಿನ್ ಇರುವುದು ಮದರ್‌ಬೋರ್ಡಿನ ಸಾಕೆಟ್‌ನಲ್ಲಿ. ಅವು ಕೂದಲಿನ ಹಾಗೆ ತೆಳ್ಳಗೆ. ಮೈಕ್ರೋಸ್ಕೋಪ್ ಇಲ್ಲದೆ ಅದಕ್ಕೆ ಕೈ ಹಾಕಬೇಡ.

ಎರಡು, ಬಯೋಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋಗಿ ಸತ್ತ ಬೋರ್ಡ್. ನಮ್ಮೂರುಗಳಲ್ಲಿ ಇದಕ್ಕೆ ಬರವಿಲ್ಲ! ಚಿಪ್ಪಿಗೆ ಫೈಲ್ ಬರೆಯುವ ಪುಟ್ಟ ಸಾಧನ, ಸಿಎಚ್341ಎ ಪ್ರೋಗ್ರಾಮರ್, ಕೆಲವೇ ನೂರು ರೂಪಾಯಿ. ಕಂಪನಿಯ ಸೈಟಿನಿಂದ ಬಯೋಸ್ ಫೈಲ್ ಇಳಿಸಿ ಚಿಪ್ಪಿಗೆ ಬರೆದರೆ ಎಷ್ಟೋ ಬೋರ್ಡ್ ಎದ್ದು ಕೂರುತ್ತವೆ. ಆದರೆ ಬರೆಯುವ ಮೊದಲು ಹಳೆಯದನ್ನು ಓದಿ ಒಂದು ಕಾಪಿ ಇಟ್ಟುಕೋ. ಕೆಲವು ಚಿಪ್ 1.8 ವೋಲ್ಟಿನವು, ಅವಕ್ಕೆ ಅಡಾಪ್ಟರ್ ಬೇಕು, ಇಲ್ಲದಿದ್ದರೆ ಚಿಪ್ ಸುಟ್ಟುಹೋಗಬಹುದು.

ರ‍್ಯಾಮ್ ಕೆಟ್ಟಿದೆ ಅಂತ ಯಾರಾದರೂ ಸುಮ್ನೆ ಕೊಟ್ಟರೆ ತಗೋ. ರಬ್ಬರಿನಿಂದ ಚಿನ್ನದ ಬಣ್ಣದ ತುದಿ ಉಜ್ಜಿ ನೋಡು. ದುಡ್ಡು ಮಾತ್ರ ಕೊಡಬೇಡ.

ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಪವರ್ ಸಪ್ಲೈ, ಬೇಡವೇ ಬೇಡ. ಗೋಡೆಯ 230 ವೋಲ್ಟ್ ಎಸಿ ಒಳಗೆ 325 ವೋಲ್ಟ್ ಡಿಸಿ ಆಗಿ ದೊಡ್ಡ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಕೆಟ್ಟಿರುವುದರಲ್ಲಿ ಎಷ್ಟು ಹೊತ್ತು ಇರುತ್ತದೆ ಅಂತ ಹೇಳಲಾಗದು. ಉಳಿಯುವ ಸಾವಿರ ರೂಪಾಯಿಗೆ ಜೀವ ಪಣಕ್ಕಿಡಬೇಡ.

ಎಸ್‌ಪಿ_ರೋಡ್_ಶನಿವಾರ

ನನ್ನದು ಬೇರೆ ಅಭಿಪ್ರಾಯ. ದುಡ್ಡೇ ಮುಖ್ಯ ಆದರೆ ಕೆಟ್ಟಿದ್ದನ್ನು ಬಿಡಿ, ನಡೆಯುವ ಹಳೆಯದನ್ನು ತಗೊಳ್ಳಿ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 6ನೇ ತಲೆಮಾರಿನ ಐ5 ಇರುವ ಆಫೀಸ್ ಕಂಪ್ಯೂಟರುಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ ಅಂತ ಕಂಪನಿಗಳು ಹೊರಗೆ ಹಾಕುತ್ತಿವೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಡ್ಡಾಡಿದರೆ ಸಾಲಾಗಿ ಜೋಡಿಸಿರುತ್ತಾರೆ. ಧೂಳು ತೆಗೆದು, ಪೇಸ್ಟ್ ಬದಲಾಯಿಸಿ, ಒಂದು ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಕೂರಿಸಿದರೆ ಓದುವ ಮಕ್ಕಳಿಗೆ ಧಾರಾಳ ಸಾಕು. ನಾನು ಮಾಡುವುದೇ ಇದು. ಲಾಭ ಸಣ್ಣದು, ಆದರೆ ರಾತ್ರಿ ನಿದ್ದೆ ಬರುತ್ತದೆ.

ದಾವಣಗೆರೆ_ಡಿಪ್ಲೊಮಾ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಮೈಸೂರಿನ ಅಕ್ಕ, ಪ್ರೋಗ್ರಾಮರ್ ಇವತ್ತೇ ಆರ್ಡರ್ ಮಾಡಿದೆ. ಎಸ್‌ಎಂಪಿಎಸ್ ಮುಟ್ಟುವುದಿಲ್ಲ. ಹಾಸನದ ಅಣ್ಣ, ನೀವು ಹೇಳಿದ ಹಾಗೆ ಮೀಟರ್ ತಗೊಂಡು ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಬೇಡ ಅನ್ನಲಿಲ್ಲ, ಟೇಬಲ್ ಲೈಟ್ ಕೂಡ ಹಾಕಿಕೊಟ್ಟರು. 12 ವೋಲ್ಟ್ ಪಿನ್ನಿಂದ ಗ್ರೌಂಡಿಗೆ ಶಾರ್ಟ್ ಇಲ್ಲ, ಕಿಲೊ ಓಮ್‌ನಲ್ಲಿ ಬಂತು. ಪಿನ್ನಿಂದ ಕಾಯಿಲಿಗೂ ಇಲ್ಲ. ಆದರೆ ಕೋರ್ ಕಾಯಿಲಿನಿಂದ ಗ್ರೌಂಡಿಗೆ ಬೀಪ್ ಮೋಡಿನಲ್ಲಿ ಹಿಡಿದರೆ ಕೂಗುತ್ತದೆ. ಚಿಪ್ ಸತ್ತಿದೆ ಅಂತಲೇ ಅಲ್ವಾ? ಬೇಜಾರಾಗಿ ಬಿಟ್ಟು ಬಂದೆ.

ಹಾಟ್‌ಏರ್_ಹಾಸನ

ಅಯ್ಯೋ, ಬಿಟ್ಟು ಬರಬಾರದಿತ್ತು! ಶುರುವಿನಲ್ಲಿ ಎಲ್ಲರೂ ಅಲ್ಲೇ ಎಡವುತ್ತಾರೆ. ದೊಡ್ಡ ಚಿಪ್‌ಗಳ ಕೋರ್ ಲೈನಿನಲ್ಲಿ ರೆಸಿಸ್ಟೆನ್ಸ್ ಸಹಜವಾಗಿಯೇ ತುಂಬಾ ಕಡಿಮೆ, 1 ಓಮ್ ಆಸುಪಾಸು, ಕೆಲವದರಲ್ಲಿ ಅದಕ್ಕೂ ಕಡಿಮೆ. ಚೆನ್ನಾಗಿರುವ ಕಾರ್ಡ್ ಕೂಡ ಬೀಪ್ ಮೋಡಿನಲ್ಲಿ ಕೂಗುತ್ತದೆ. ಬೀಪ್ ಬಿಡು, ಓಮ್ಸ್‌ನಲ್ಲಿ ಇಟ್ಟು ಅಳೆ. ಮೊದಲು ಎರಡೂ ಪ್ರೋಬ್ ಒಂದಕ್ಕೊಂದು ತಾಗಿಸಿ ಎಷ್ಟು ಬರುತ್ತದೆ ನೋಡು, 0.2, 0.3 ಬಂದರೆ ಅಷ್ಟನ್ನು ಕಳೆ. ಕಳೆದ ಮೇಲೆ ಸೊನ್ನೆಯೇ ಉಳಿದರೆ ಅನುಮಾನ ಪಡು. ಮೆಮೊರಿ ಲೈನಿನಲ್ಲಿ ಹತ್ತಾರು ಓಮ್ ಬರಬೇಕು.

ನೀನು ಹೇಳಿದ ಮಟ್ಟಿಗೆ ಅದರಲ್ಲಿ ಜೀವ ಇರಬಹುದು. 580 ಅಂದರೆ ಬಹಳಷ್ಟು ಕ್ರಿಪ್ಟೊಕರೆನ್ಸಿ ಮೈನಿಂಗ್‌ನಲ್ಲಿ ದುಡಿದವು, ಬಯೋಸ್ ಬದಲಾಯಿಸಿರುತ್ತಾರೆ, ಡಿಸ್‌ಪ್ಲೇ ಬರದಿರಲು ಅದೂ ಒಂದು ಕಾರಣ. ಕಾರ್ಡಿನ ಮೇಲೆ ಸಣ್ಣ ಬಯೋಸ್ ಸ್ವಿಚ್ ಇದ್ದರೆ ಇನ್ನೊಂದು ಕಡೆಗೆ ತಳ್ಳಿ ಕಾರ್ಡ್ ಒಮ್ಮೆ ಹಾಕಿ ನೋಡು. ಸ್ವಿಚ್ ಇಲ್ಲದಿದ್ದರೂ ನೀನು ತರಿಸಿದ ಅದೇ ಪ್ರೋಗ್ರಾಮರ್ ಸಾಕು.

ನಾಳೆ ಹೋಗು. 1500 ಕೊಡಬೇಡ, 800 ಕೇಳು, 1000ಕ್ಕೆ ಮೇಲೆ ಹೋಗಬೇಡ. ಮಾಡಲಾಗದಿದ್ದರೆ ಒಂದು ವಾರದಲ್ಲಿ ವಾಪಸ್ ತಗೊಳ್ಳುತ್ತೀರಾ ಅಂತಲೂ ಕೇಳು, ಲೈಟ್ ಹಾಕಿಕೊಟ್ಟವರು ಅದಕ್ಕೂ ಒಪ್ಪಬಹುದು. ಕೂಲರ್ ಬಿಚ್ಚಿದ ಮೇಲೆ ಎರಡೂ ಬದಿಯ ಫೋಟೋ ಇಲ್ಲಿ ಹಾಕು, ಎಲ್ಲೆಲ್ಲಿ ಅಳೆಯಬೇಕು ಅಂತ ಗುರುತು ಹಾಕಿ ಕೊಡುತ್ತೇನೆ.